ಟೀ ಡಬ್ಬದೊಳಗೆ ಇಂಗಿನ ವಾಸನೆ



ಕಳೆದ ಸಂಚಿಕೆಯಲ್ಲಿ ಹಪ್ಪಳ ಸಂಡಿಗೆಗಳನ್ನು ಮಳೆಗಾಲಕ್ಕೆ ಮುಂಚೆ ಡಬ್ಬಕ್ಕೆ ತುಂಬಿಡುವ ವಿಷಯ ಬರೆದಿದ್ದೆನಷ್ಟೆ. ಅದನ್ನು ಓದಿದ ನಮ್ಮ ಬೀದಿಯ ಗೆಳತಿಯೊಬ್ಬಳು, “ಅದೆಲ್ಲ ಸರಿ ಕಣೇ, ಟೀ ಪುಡಿ ವಿಷಯ ಯಾಕೆ ಯಾರೂ ಬರೆಯೋಲ್ಲ? ನಮ್ಮನೇಲಿ ಒಂದು ಕಿಲೋ ತಂದಿಟ್ಟರೆ ಕೊನೇ ಕಾಲು ಕಿಲೋ ಬರೀ ಬಣ್ಣದ ನೀರು” ಎಂದಳು. ನನಗೆ ನಗು ಬಂತು. ಹಿಂದೆಯೇ ಹಳೆಯದೊಂದು ಸಂಗತಿ ನೆನಪಾಗಿ ಮನಸ್ಸು ಪಿಚ್ಚೆಂದಿತು. ಇವತ್ತು ಅದನ್ನೇ ಹೇಳಿಬಿಡುತ್ತೇನೆ, ಕೇಳಿ.

ನಮ್ಮದು ಹೇಳಿಕೇಳಿ ತೀರ್ಥಹಳ್ಳಿ. ಕಾಫಿ, ಕಷಾಯ ಕುಡಿದು ಬೆಳೆದ ಮಂದಿ. ಟೀ ಅಂದರೆ ನಮಗೆ ಹಾಲು ಸಕ್ಕರೆ ಹಾಕಿ ಕುದಿಸಿದ ಡಸ್ಟ್ ಟೀ, ಅಷ್ಟೇ. ನಮ್ಮಣ್ಣ ಸೈನ್ಯದಲ್ಲಿದ್ದ. 2016ರಲ್ಲಿ ಅವನಿಗೆ ಸಿಲಿಗುರಿ ಹತ್ತಿರ ಪೋಸ್ಟಿಂಗ್ ಆಗಿತ್ತು. ರಜೆಗೆ ಊರಿಗೆ ಬಂದಾಗ ಅರ್ಧ ಕಿಲೋ ಡಾರ್ಜಿಲಿಂಗ್ ಚಹಾ ತಂದುಕೊಟ್ಟ. ವರ್ಷದ ಮೊದಲ ಚಿಗುರಿನದು, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕೊಯ್ಯುತ್ತಾರಲ್ಲ, ಆ ಚಹಾ. “ಹಾಲು ಹಾಕಬೇಡ, ಬೇಗ ಕುಡಿದು ಮುಗಿಸಿ” ಎಂದು ಎರಡೇ ಮಾತು ಹೇಳಿದ್ದ. ಹಾಲು ಹಾಕಲಿಲ್ಲ ನಿಜ. ಬೇಗ ಮುಗಿಸಿ ಅಂದದ್ದು ಮಾತ್ರ ನನ್ನ ಕಿವಿಗೆ ಬೀಳಲೇ ಇಲ್ಲ. ಅಷ್ಟು ಬೆಲೆಯ ಚಹಾ ನಾವು ನಾವೇ ಕುಡಿಯುವುದೇ? ಯಾರಾದರೂ ದೊಡ್ಡವರು ಮನೆಗೆ ಬಂದಾಗ ಮಾಡಿಕೊಟ್ಟರಾಯಿತು ಎಂದುಕೊಂಡೆ.

ಆಮೇಲೆ ಮಾಡಿದ ಘನಕಾರ್ಯ ಕೇಳಿ. ಅಣ್ಣ ತಂದಿದ್ದ ಬೆಳ್ಳಿ ಬಣ್ಣದ ದಪ್ಪ ಪೊಟ್ಟಣ ನನಗೆ ಅಂದವಾಗಿ ಕಾಣಲಿಲ್ಲ. ಅದನ್ನು ಕತ್ತರಿಸಿ ಚಹಾವನ್ನೆಲ್ಲ ಒಂದು ಚೆಂದದ ಗಾಜಿನ ಬಾಟಲಿಗೆ ಸುರಿದೆ. ಬಂದವರ ಕಣ್ಣಿಗೆ ಬೀಳಲಿ ಅಂತ ಒಲೆಯ ಮೇಲಿನ ಶೆಲ್ಫಿನಲ್ಲಿ, ಸಾರಿನ ಪುಡಿ ಮತ್ತು ಇಂಗಿನ ಡಬ್ಬದ ಪಕ್ಕದಲ್ಲಿಟ್ಟೆ. ಅಕ್ಕಪಕ್ಕದವರು ಬಂದಾಗಲೆಲ್ಲ ಮುಚ್ಚಳ ತೆಗೆದು ಮೂಸಿ ನೋಡಿ ಅಂತ ತೋರಿಸುತ್ತಿದ್ದೆ. ಒಂದೇ ಏಟಿಗೆ ನಾಲ್ಕು ತಪ್ಪು. ಬೆಳಕು, ಬಿಸಿ, ಪರವಾಸನೆ, ಗಾಳಿ! ಆಗ ಹೇಳುವವರು ಯಾರೂ ಇರಲಿಲ್ಲ, ಹೇಳಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ.

ಎರಡು ವರ್ಷ ಕಳೆಯಿತು. 2018ರಲ್ಲಿ ಅಪ್ಪ ತೀರಿಹೋದರು. ಆಷಾಢದ ಮಳೆಯಲ್ಲಿ ಅಮ್ಮ ನಮ್ಮ ಮನೆಗೆ ಬಂದು ಎರಡು ತಿಂಗಳು ಇದ್ದಳು. ಊಟ ಸೇರುತ್ತಿರಲಿಲ್ಲ, ಏನು ಮಾಡಿಕೊಟ್ಟರೂ ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದಳು. ಅವಳಾಗಿ ಏನನ್ನೂ ಕೇಳಿದವಳೇ ಅಲ್ಲ. ಒಂದು ಸಂಜೆ ಅದೇಕೋ, “ನಿಮ್ಮಣ್ಣ ಟೀ ತಂದಿದ್ನಲ್ಲ, ಅದು ಇದ್ಯೇನೇ? ಒಂದ್ ಚೂರು ಮಾಡ್ಕೊಡು, ಹೆಂಗಿರತ್ತೋ ನೋಡೋಣ” ಎಂದಳು. ಅದು ಮನೆಗೆ ಬಂದು ಎರಡು ವರ್ಷವಾಗಿದ್ದರೂ ಅಮ್ಮನಿಗೆ ಒಂದು ಲೋಟ ಮಾಡಿಕೊಟ್ಟಿರಲಿಲ್ಲ ನೋಡಿ. ಅಮ್ಮ ನೆಂಟರಲ್ಲವಲ್ಲ.

ಓಡಿಹೋಗಿ ಮಾಡಿದೆ. ಲೋಟಕ್ಕೆ ಸೋಸುವಾಗಲೇ ಮೂಗಿಗೆ ಬಡಿಯಿತು, ಇಂಗು! ಅದರ ಹಿಂದೆ ಹಳೇ ಮರದ ಪೆಟ್ಟಿಗೆಯಂಥ ಮುಗ್ಗಲು. ಬಣ್ಣವೂ ಹೊಂಬಣ್ಣ ಹೋಗಿ ಮಂಕಾಗಿತ್ತು. ಬೇರೆ ಏನು ಕೊಡಲಿ ಎಂದು ಯೋಚಿಸುವಷ್ಟರಲ್ಲಿ ಅಮ್ಮ ಅಡುಗೆಮನೆಗೇ ಬಂದು ಲೋಟ ತೆಗೆದುಕೊಂಡಳು. ಅರ್ಧ ಕುಡಿದು, “ಚೆನ್ನಾಗಿದೆ ಕಣೇ” ಎಂದು ಲೋಟ ಕೆಳಗಿಟ್ಟಳು. ಮತ್ತೆಂದೂ ಕೇಳಲಿಲ್ಲ. 2021ರಲ್ಲಿ ಅವಳೂ ಹೋದಳು.

ಆ ಇಂಗಿನ ವಾಸನೆ ಗಟ್ಟಿ ಮುಚ್ಚಳದ ಗಾಜಿನ ಬಾಟಲಿಯೊಳಕ್ಕೆ ಹೋದದ್ದಾದರೂ ಹೇಗೆ ಎಂಬುದೇ ನನ್ನನ್ನು ಬಹಳ ದಿನ ಕಾಡಿತು. ಸಿಕ್ಕಿದ್ದನ್ನೆಲ್ಲ ಓದಿದೆ, ಅಣ್ಣನನ್ನು ಫೋನಿನಲ್ಲಿ ಪೀಡಿಸಿದೆ. ತಿಳಿದದ್ದು ಇಷ್ಟು. ಚಹಾ ಎಲೆಯನ್ನು ಕಾರ್ಖಾನೆಯಲ್ಲಿ ಬಾಡಿಸಿ, ಹೊಸೆದು, ಕೊನೆಗೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಒಣಗಿಸುವ ಯಂತ್ರದಿಂದ ಹೊರಬಿದ್ದಾಗ ಅದರಲ್ಲಿ ನೂರಕ್ಕೆ ಮೂರು ಪಾಲಿನಷ್ಟೇ ನೀರಿನಂಶ. ಅಷ್ಟು ಬಾಯಾರಿದ ಎಲೆ ಸುಮ್ಮನಿರುತ್ತದೆಯೇ? ಸುತ್ತಲಿನ ಗಾಳಿಯಲ್ಲಿ ಏನಿದೆಯೋ ಅದನ್ನು, ತೇವವನ್ನೂ ವಾಸನೆಯನ್ನೂ, ಹೀರಿಕೊಳ್ಳುತ್ತಲೇ ಇರುತ್ತದೆ. ಬಾಟಲಿಯ ಮುಚ್ಚಳ ಎಷ್ಟು ಗಟ್ಟಿಯಿದ್ದರೇನು, ನಾನೇ ದಿನ ಬಿಟ್ಟು ದಿನ ತೆಗೆದು ತೋರಿಸುತ್ತಿದ್ದೆನಲ್ಲ, ಒಗ್ಗರಣೆಯ ಹೊಗೆಯೊಳಗೆ!

ಈ ಹೀರುವ ಗುಣವನ್ನೇ ಚೀನಾದವರು ಉಪಯೋಗಕ್ಕೆ ತಂದುಕೊಂಡಿದ್ದಾರೆ. ಅಲ್ಲಿನ ಫೂಜಿಯನ್ ಪ್ರಾಂತ್ಯದ ಫೂಝೌ ಊರು ಮಲ್ಲಿಗೆ ಚಹಾಕ್ಕೆ ಹೆಸರುವಾಸಿ. ಮಲ್ಲಿಗೆಯ ಮೊಗ್ಗನ್ನು ಹಗಲು ಬಿಡಿಸಿ ತಂದು, ರಾತ್ರಿ ಅದು ಬಿರಿಯುವ ಹೊತ್ತಿಗೆ ಹಸಿರು ಚಹಾದ ಜೊತೆ ಬೆರೆಸಿಡುತ್ತಾರೆ. ಬೆಳಗ್ಗೆ ಹೂವನ್ನೆಲ್ಲ ಜರಡಿ ಹಿಡಿದು ತೆಗೆದುಬಿಡುತ್ತಾರೆ, ಪರಿಮಳ ಮಾತ್ರ ಎಲೆಯಲ್ಲಿ ಉಳಿಯುತ್ತದೆ. ಹೂವಿನ ತೇವವನ್ನೂ ಎಲೆ ಕುಡಿದಿರುತ್ತದಲ್ಲ, ಅದಕ್ಕೇ ಮತ್ತೆ ಒಣಗಿಸುತ್ತಾರೆ. ಒಳ್ಳೆಯ ದರ್ಜೆಯದಾದರೆ ಹೀಗೆ ಹಲವು ರಾತ್ರಿ ಹೊಸ ಹೂವು ಹಾಕುತ್ತಾರಂತೆ. ಅವರು ಮಲ್ಲಿಗೆಯ ಪಕ್ಕದಲ್ಲಿಟ್ಟರು, ನಾನು ಇಂಗಿನ ಪಕ್ಕದಲ್ಲಿಟ್ಟೆ. ಎಲೆ ಇಬ್ಬರಿಗೂ ಒಂದೇ ಕೆಲಸ ಮಾಡಿಕೊಟ್ಟಿತು.

ನಮ್ಮ ಅಜ್ಜಿಯರಿಗೂ ಇದು ಗೊತ್ತಿತ್ತು ಅನ್ನಿಸುತ್ತದೆ. ಏಲಕ್ಕಿ ಸುಲಿದ ಸಿಪ್ಪೆಯನ್ನು ಎಸೆಯದೆ ಟೀ ಪುಡಿ ಡಬ್ಬಕ್ಕೆ ಹಾಕುತ್ತಿದ್ದರಲ್ಲ? ಈಗಲೂ ಹಾಕಿ, ತಪ್ಪೇನಿಲ್ಲ. ಸಿಪ್ಪೆ ಗರಿಗರಿಯಾಗಿ ಒಣಗಿರಬೇಕು, ಅಷ್ಟೇ. ಹಸಿ ಶುಂಠಿ, ಹಸಿ ಪುದೀನ ಮಾತ್ರ ಡಬ್ಬದೊಳಕ್ಕೆ ಸುತರಾಂ ಬೇಡ, ಎರಡೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಇನ್ನು ಡಾರ್ಜಿಲಿಂಗಿನಂಥ ಚಹಾಕ್ಕೆ ಏಲಕ್ಕಿಯನ್ನೂ ಸೋಕಿಸಬೇಡಿ. ಅದರದೇ ಪರಿಮಳಕ್ಕೆ ತಾನೇ ಅಷ್ಟು ದುಡ್ಡು ಕೊಡುವುದು!

ಸರಿ, ಡಬ್ಬ ಎಂಥದಿರಬೇಕು? ಹಿಂದೆ ತೋಟಗಳಿಂದ ಚಹಾ ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನಮ್ಮ ಅಜ್ಜನ ಮನೆಯ ಅಟ್ಟದಲ್ಲೊಂದಿತ್ತು. ಪ್ಲೈವುಡ್ಡಿನ ಪೆಟ್ಟಿಗೆ, ಅಂಚಿಗೆ ತಗಡಿನ ಪಟ್ಟಿ, ಒಳಗೆಲ್ಲ ಅಲ್ಯೂಮಿನಿಯಂ ಕಾಗದ. ಚಿಕ್ಕವರಾಗಿದ್ದಾಗ ನಾವು ಆ ಕಾಗದ ಕಿತ್ತು ಕಿರೀಟ ಮಾಡಿಕೊಂಡು ಬೈಸಿಕೊಳ್ಳುತ್ತಿದ್ದೆವು. ಅದು ಸಿಂಗಾರಕ್ಕೆ ಹಚ್ಚಿದ್ದಲ್ಲ. ಬೆಳಕು, ತೇವ, ಮರದ ವಾಸನೆ ಯಾವುದೂ ಎಲೆಗೆ ತಾಗದಿರಲಿ ಎಂದು ಹಚ್ಚಿದ್ದು. ಅಂಗಡಿಯ ಒಳ್ಳೆಯ ಚಹಾ ಪೊಟ್ಟಣದ ಒಳಮೈ ಹೊಳೆಯುವುದೂ ಅದಕ್ಕೇ. ಆದ್ದರಿಂದ ಪೊಟ್ಟಣದಿಂದ ಸುರಿಯಲೇಬೇಡಿ. ಬಾಯಿಯನ್ನು ಎರಡು ಮಡಿಕೆ ಮಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಪೊಟ್ಟಣ ಸಮೇತ ಸ್ಟೀಲ್ ಡಬ್ಬದೊಳಗಿಡಿ. ಬಿಡಿಯಾಗಿ ಕಾಗದದಲ್ಲಿ ಕಟ್ಟಿಸಿ ತಂದದ್ದಾದರೆ ನೇರ ಡಬ್ಬಕ್ಕೆ ಹಾಕಿ. ಡಬ್ಬ ತುಂಬುವಷ್ಟೇ ದೊಡ್ಡದಿರಲಿ. ಅರ್ಧ ಖಾಲಿ ಡಬ್ಬ ಅಂದರೆ ಅರ್ಧ ಡಬ್ಬ ಗಾಳಿ.

ಪ್ಲಾಸ್ಟಿಕ್ಕಿನ ತೆಳು ಡಬ್ಬ ನನಗೆ ಸೇರದು. ಅದರಲ್ಲಿ ಹಿಂದೆ ಉಪ್ಪಿನಕಾಯಿಯೋ ಮಸಾಲೆಯೋ ಇದ್ದಿದ್ದರಂತೂ ಎಷ್ಟು ತಿಕ್ಕಿದರೂ ವಾಸನೆ ಬಿಡುವುದಿಲ್ಲ. ಗಾಜು ವಾಸನೆ ಹಿಡಿಯುವುದಿಲ್ಲ, ನಿಜ. ಅದನ್ನು ಬಳಸುವುದಾದರೆ ಬಾಗಿಲಿರುವ ಕಪಾಟಿನ ಕತ್ತಲೆಯಲ್ಲಿಡಿ. ಸ್ಟೀಲ್ ಡಬ್ಬವೇ ಅತ್ಯುತ್ತಮ, ಆದರೆ ಮುಚ್ಚಳ ಬಿಗಿಯಾಗಿರಬೇಕು. ಬಿಗಿ ಇದೆಯೋ ಇಲ್ಲವೋ ನೋಡಲು ನನ್ನದೊಂದು ಉಪಾಯವಿದೆ. ಮಳೆ ಹಿಡಿದ ದಿನ ಕರಿದ ಹಪ್ಪಳದ ತುಂಡೊಂದನ್ನು ಖಾಲಿ ಡಬ್ಬದಲ್ಲಿ ಹಾಕಿ ಮುಚ್ಚಿ. ಎರಡು ದಿನದ ಮೇಲೆ ಮುರಿದು ನೋಡಿ. ಟಪ್ಪೆಂದರೆ ಟೀ ಪುಡಿಗೆ ಆ ಡಬ್ಬ ಆಗುತ್ತದೆ, ಬಾಗಿದರೆ ಅಕ್ಕಿಗೋ ಬೇಳೆಗೋ ಇಟ್ಟುಕೊಳ್ಳಿ. (ಹಪ್ಪಳ ಹಾಕಿದ ಡಬ್ಬವನ್ನು ಸೋಪು ಹಾಕಿ ತೊಳೆದು, ಎಣ್ಣೆ ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟು, ಆಮೇಲೆ ಬಳಸಿ. ಇಲ್ಲದಿದ್ದರೆ ನನ್ನ ಇಂಗಿನ ಕಥೆಯೇ ನಿಮ್ಮದೂ!)

ಡಬ್ಬದ ಜಾಗ ಒಲೆಯಿಂದ ದೂರ, ಫ್ರಿಜ್ಜಿನ ತಲೆಯಿಂದಲೂ ದೂರ. ಅಲ್ಲಿಯೂ ಸದಾ ಬೆಚ್ಚಗಿರುತ್ತದೆ. ಇನ್ನೊಂದು ತಪ್ಪು ನಾವೆಲ್ಲರೂ ಮಾಡುತ್ತೇವೆ. ನೀರು ಕೊತಕೊತ ಕುದಿಯುತ್ತಿರುವಾಗ ಡಬ್ಬವನ್ನೇ ಪಾತ್ರೆಯ ಮೇಲೆ ಹಿಡಿದು ಚಮಚದಿಂದ ಎತ್ತಿ ಹಾಕುವುದು. ಏಳುವ ಹಬೆ ನೆಟ್ಟಗೆ ಡಬ್ಬದೊಳಕ್ಕೆ ಹೋಗುತ್ತದೆ, ಹಬೆ ತಾಗಿದ ಚಮಚವೂ ವಾಪಸು ಅಲ್ಲಿಗೇ! ಕುದಿ ಬರುವ ಮುಂಚೆಯೇ ಬೇಕಾದಷ್ಟನ್ನು ಬಟ್ಟಲಿಗೆ ತೆಗೆದು ಮುಚ್ಚಳ ಹಾಕಿಬಿಡಿ. ಒಂದು ತಿಂಗಳು ಹೀಗೆ ಮಾಡಿ ನೋಡಿ, ಡಬ್ಬದ ತಳದಲ್ಲಿ ಗಂಟುಗಟ್ಟುವುದು ನಿಂತೇಹೋಗುತ್ತದೆ.

ಈಗ ಬಗೆಬಗೆಯ ಚಹಾಗಳ ಮಾತು. ನಾವು ದಿನಾ ಬಳಸುವ ಕಾಳುಕಾಳು ಟೀ ಮತ್ತು ಡಸ್ಟ್, ಎರಡೂ ಸಿ.ಟಿ.ಸಿ. ಎಂಬ ವಿಧಾನದವು. ಹಲ್ಲುಹಲ್ಲಿನ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಈ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂತು. ಚೂರು ಸಣ್ಣದಾದಷ್ಟೂ ನೀರಿಗೆ ಬೇಗ ರಂಗು ಬಿಡುತ್ತದೆ, ಗಾಳಿಗೂ ಬೇಗ ಸತ್ವ ಬಿಡುತ್ತದೆ. ಮೆಣಸಿನ ಕಾಳಿಗಿಂತ ಮೆಣಸಿನ ಪುಡಿ ಬೇಗ ಘಮ ಕಳೆದುಕೊಳ್ಳುವುದಿಲ್ಲವೇ, ಹಾಗೆ. ಹಾಗಾಗಿ ಡಸ್ಟ್ ಟೀಯನ್ನು ತೆರೆದ ಮೇಲೆ ತಿಂಗಳು, ಒಂದೂವರೆ ತಿಂಗಳಲ್ಲಿ ಮುಗಿಸುವುದು ಮೇಲು. ನೀಲಗಿರಿಯದೋ ಅಸ್ಸಾಮಿನದೋ ಇಡೀ ಎಲೆಯ ಕಪ್ಪು ಚಹಾ ತುಸು ಗಟ್ಟಿ ಜೀವ, ಚೆನ್ನಾಗಿ ಮುಚ್ಚಿಟ್ಟರೆ ವರ್ಷ ತಡೆಯುತ್ತದೆ. ಡಾರ್ಜಿಲಿಂಗಿನ ಮೊದಲ ಚಿಗುರು ಹೆಸರಿಗೆ ಕಪ್ಪು ಚಹಾ ಆದರೂ ಬಲು ಸೂಕ್ಷ್ಮ. ನಾನಾದರೆ ತೆರೆದ ಮೇಲೆ ಎರಡು ತಿಂಗಳು ದಾಟಿಸುವುದಿಲ್ಲ.

ಗ್ರೀನ್ ಟೀ ಇವೆಲ್ಲಕ್ಕಿಂತ ಬೇಗ ಕೆಡುತ್ತದೆ. ಒಂದೇ ಜಾತಿಯ ಗಿಡದ ಎಲೆ, ಆದರೆ ಕೊಯ್ದ ಕೂಡಲೇ ಬಿಸಿ ತಾಗಿಸಿ ಕಪ್ಪಾಗದಂತೆ ಅಲ್ಲಿಗೇ ತಡೆದಿರುತ್ತಾರೆ. ಬಿಸಿ, ಬೆಳಕು, ಗಾಳಿ ಮತ್ತೆ ಸಿಕ್ಕರೆ ಹಸಿರು ಹೋಗಿ ಕಂದು ತಿರುಗುತ್ತದೆ, ಒಣಹುಲ್ಲಿನ ರುಚಿ ಬರುತ್ತದೆ. ಮಗಳು ಸಣ್ಣಗಾಗಬೇಕೆಂದು ತರಿಸಿ, ನಾಲ್ಕು ದಿನ ಕುಡಿದು, ಆಮೇಲೆ ಮೂಲೆಗಿಟ್ಟ ಪೊಟ್ಟಣ ನಿಮ್ಮ ಮನೆಯಲ್ಲೂ ಇದ್ದೀತು! ತೆರೆಯದ ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಇಡಬಹುದು. ಆದರೆ ಹೊರಗೆ ತೆಗೆದು ಕೆಲವು ಗಂಟೆ ಬಿಟ್ಟು, ತಣ್ಣಗಿರುವುದು ಪೂರ್ತಿ ಹೋದ ಮೇಲೆ ಕತ್ತರಿಸಿ. ತಣ್ಣಗಿರುವಾಗಲೇ ತೆರೆದರೆ ಮಂಜಿನ ಹನಿ ಎಲೆಯ ಮೇಲೆ ಕೂರುತ್ತದೆ. ಒಮ್ಮೆ ತೆರೆದದ್ದು ಮತ್ತೆ ಫ್ರಿಜ್ಜಿಗೆ ಬೇಡ. ಕಪ್ಪು ಚಹಾಕ್ಕಂತೂ ಫ್ರಿಜ್ಜಿನ ಅಗತ್ಯವೇ ಇಲ್ಲ, ಅಲ್ಲಿರುವ ಈರುಳ್ಳಿ, ದೋಸೆಹಿಟ್ಟಿನ ವಾಸನೆಯೆಲ್ಲ ಅದರ ಪಾಲಾಗುತ್ತದೆ.

ಟೀ ಬ್ಯಾಗುಗಳ ಒಳಗಿರುವುದೂ ಪುಡಿಯೇ. ಒಂದೊಂದಕ್ಕೂ ಹೊಳೆಯುವ ಲಕೋಟೆ ಇದ್ದರೆ ಚಿಂತೆಯಿಲ್ಲ, ಬರೀ ಕಾಗದದ್ದಾದರೆ ಡಬ್ಬಕ್ಕೆ ಹಾಕಿ. ತುಳಸಿ, ಮಜ್ಜಿಗೆ ಹುಲ್ಲು, ದಾಸವಾಳ ಇವನ್ನು ಈಗೀಗ ಟೀ ಎಂದು ಕರೆಯುತ್ತಾರೆ. ನಿಜಕ್ಕೂ ಅವು ಚಹಾ ಅಲ್ಲ, ನಮ್ಮ ಹಳೇ ಕಷಾಯಗಳೇ. ನೆರಳಲ್ಲಿ ಒಣಗಿಸಿ ಬೇರೆ ಡಬ್ಬದಲ್ಲಿಡಿ, ಚಹಾದ ಜೊತೆಗೆ ಸರ್ವಥಾ ಬೇಡ. ಚೀನಾದ ಯುನ್ನಾನಿನಲ್ಲಿ ಪೂ-ಅರ್ ಎಂಬ ಬೆರಟಿಯಂಥ ಚಹಾ ಇದೆ. ಅದೊಂದನ್ನು ಮಾತ್ರ ಕಾಗದದಲ್ಲಿ ಸುತ್ತಿ, ಸ್ವಲ್ಪ ಗಾಳಿಯಾಡುವಂತೆ ವರ್ಷಗಟ್ಟಲೆ ಇಟ್ಟು ಹಳತು ಮಾಡಿಯೇ ಕುಡಿಯುತ್ತಾರೆ. ನಮ್ಮ ನಿಮ್ಮ ಮನೆಗೆ ಅದು ಬರುವುದು ಕಷ್ಟ, ಬಂದರೆ ಡಬ್ಬಕ್ಕೆ ತುರುಕಬೇಡಿ ಅಂತ ಹೇಳಿದೆ.

ಇಷ್ಟೆಲ್ಲ ಹೇಳಿದರೂ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಉಪಾಯ ಒಂದೇ, ಕಮ್ಮಿ ತನ್ನಿ. ಲೆಕ್ಕ ಹಾಕಿ ನೋಡೋಣ. ಒಂದು ಲೋಟಕ್ಕೆ ಮಟ್ಟಸವಾಗಿ ಒಂದು ಸಣ್ಣ ಚಮಚ, ಅಂದರೆ ಸುಮಾರು 2.5 ಗ್ರಾಂ. ನಾಲ್ಕು ಜನ, ದಿನಕ್ಕೆ ಎರಡು ಹೊತ್ತು ಎಂದರೆ 20 ಗ್ರಾಂ. 250 ಗ್ರಾಂ ಪೊಟ್ಟಣ ಹನ್ನೆರಡು ದಿನ ಬರುತ್ತದೆ. ಈ ಪತ್ರಿಕೆಯ ಒಂದು ಸಂಚಿಕೆ ಬಂದು ಇನ್ನೊಂದು ಬರುವಷ್ಟರಲ್ಲಿ ಒಂದು ಪೊಟ್ಟಣ ಮುಗಿಯುತ್ತದೆ ಅನ್ನಿ. “ಒಂದು ಕಿಲೋ ತಂದರೆ ಅಗ್ಗ, ಮೇಲೊಂದು ಡಬ್ಬ ಪುಕ್ಕಟೆ” ಎಂದು ನಮ್ಮ ಯಜಮಾನರೂ ವಾದಿಸುತ್ತಾರೆ. ಮಾರ್ಚಿನಲ್ಲಾದರೆ ಆಗಲಿ ಎನ್ನುತ್ತೇನೆ. ಜೂನ್ ಬಂತೋ, ಕಾಲು ಕಿಲೋ ಮೇಲೆ ಒಂದು ಗ್ರಾಂ ಬೇಡ. ನಮ್ಮ ಮಲೆನಾಡಿನ ಮಳೆಯಲ್ಲಿ ಉಪ್ಪೇ ನೀರಾಗುತ್ತದೆ, ಟೀ ಪುಡಿಯ ಪಾಡೇನು! ಕರಾವಳಿಯವರಿಗೂ ಇದೇ ಮಾತು. ಬಿಜಾಪುರ, ರಾಯಚೂರು ಕಡೆಯ ಸೋದರಿಯರಿಗೆ ತೇವದ ಕಾಟ ಕಮ್ಮಿ. ಬೇಸಿಗೆಯಲ್ಲಿ ಕಾದ ಗೋಡೆಗೆ ತಾಗಿಸಿ ಡಬ್ಬ ಇಡದಿದ್ದರೆ ಸಾಕು. ಕಿಲೋ ತಂದೇಬಿಟ್ಟಿದ್ದರೆ ನಾಲ್ಕು ಭಾಗ ಮಾಡಿ, ಮೂರನ್ನು ಬಿಗಿಯಾಗಿ ಕಟ್ಟಿ ಒಳಗಿಟ್ಟು ಒಂದನ್ನು ಬಳಸಿ. ತೆರೆದ ದಿನಾಂಕವನ್ನು ಡಬ್ಬದ ತಳಕ್ಕೆ ಚೀಟಿ ಅಂಟಿಸಿ ಬರೆದಿಡಿ. ಹಳೆಯದು ಮುಗಿಯದೆ ಅದರ ಮೇಲೆ ಹೊಸದನ್ನು ಸುರಿಯಬೇಡಿ, ಹಳತರ ಮುಗ್ಗು ಹೊಸದಕ್ಕೂ ಹತ್ತುತ್ತದೆ.

ಹಾಳಾದದ್ದನ್ನೇನು ಮಾಡುವುದು? ಬೂಷ್ಟು ಕಂಡರೆ, ಗಂಟಾಗಿ ಹುಳಿ ಮುಗ್ಗು ಬಂದರೆ ಕಣ್ಣು ಮುಚ್ಚಿ ಚೆಲ್ಲಿ, ಕುದಿಸಿದರೆ ಸರಿಹೋಗುತ್ತದೆ ಎಂಬ ಭ್ರಮೆ ಬೇಡ. ಬರೀ ಸತ್ವ ಹೋಗಿದ್ದರೆ ಬಟ್ಟೆಯಲ್ಲಿ ಗಂಟು ಕಟ್ಟಿ ಮಕ್ಕಳ ಶೂಗಳೊಳಗಿಡಿ, ಇಲ್ಲವೇ ಫ್ರಿಜ್ಜಿನ ಮೂಲೆಯಲ್ಲಿಡಿ, ದುರ್ವಾಸನೆ ಹೀರುತ್ತದೆ. ಘಮ ಕಳೆದುಕೊಂಡ ಗ್ರೀನ್ ಟೀ ಇದ್ದರೆ ದಪ್ಪ ಬಾಣಲೆಯಲ್ಲಿ ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಂದು ಬರುವವರೆಗೆ ಹುರಿಯಿರಿ. ಜಪಾನಿನವರು ಹುರಿದ ಹಸಿರು ಚಹಾವನ್ನು ಹೋಜಿಚಾ ಎಂದು ಇಷ್ಟಪಟ್ಟು ಕುಡಿಯುತ್ತಾರೆ. ಹೊಸದರ ರುಚಿ ಮರಳಿ ಬರದು, ಹುರಿಗಡಲೆಯಂಥ ಬೇರೆಯೇ ಒಂದು ಘಮ ಬರುತ್ತದೆ. ನಮ್ಮ ಮನೆಯಲ್ಲಿ ಮಗಳು ಮೂಲೆಗಿಟ್ಟ ಪೊಟ್ಟಣ ಹೀಗೆಯೇ ಮುಗಿದದ್ದು.

2024ರ ಏಪ್ರಿಲ್‌ನಲ್ಲಿ ಅಣ್ಣ ಮತ್ತೆ ಬಂದ. ಈಗ ಅವನು ನಿವೃತ್ತ. ಹಳೇ ಸ್ನೇಹಿತರನ್ನು ನೋಡಲು ಆ ಕಡೆ ಹೋಗಿದ್ದವನು ಅದೇ ಮೊದಲ ಚಿಗುರಿನ ಚಹಾ ತಂದಿದ್ದ, ಈ ಸಲ 100 ಗ್ರಾಮಿನ ಎರಡು ಪೊಟ್ಟಣ. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ನಾನು ಒಂದನ್ನು ಕತ್ತರಿಸಿದ್ದೆ. ನೀರು ಕುದಿದ ಮೇಲೆ ಒಲೆಯಿಂದಿಳಿಸಿ ಒಂದು ನಿಮಿಷ ಬಿಟ್ಟು, ಲೋಟಕ್ಕೆ ಒಂದು ಚಮಚದಂತೆ ಎಲೆ ಹಾಕಿ, ಮುಚ್ಚಿ, ಮೂರು ನಿಮಿಷಕ್ಕೆ ಸೋಸಿದೆ. ಕುದಿಸಬಾರದು, ಕುದಿಸಿದರೆ ಒಗರಾಗುತ್ತದೆ. ಹೊಂಬಣ್ಣ, ಹೂವಿನಂಥ ತೆಳ್ಳನೆಯ ಪರಿಮಳ. ಅಣ್ಣ ಶೆಲ್ಫಿನ ಕಡೆ ನೋಡಿ, “ಆ ಗಾಜಿನ ಬಾಟಲಿ ಎಲ್ಲಿ?” ಎಂದ. “ಅದರಲ್ಲಿ ಕಡಲೆಬೇಳೆ ಇದೆ” ಎಂದೆ. ಅಮ್ಮನ ಮಾತು ಇಬ್ಬರೂ ಎತ್ತಲಿಲ್ಲ.

ಎರಡನೆಯ ಪೊಟ್ಟಣ ಮಳೆ ಹಿಡಿಯುವ ಮುಂಚೆಯೇ ಮುಗಿಯಿತು. ನಾನು, ನಮ್ಮ ಯಜಮಾನರು, ಮಗಳು, ಮೂವರೇ ಕುಡಿದೆವು. ಅತಿಥಿಗಳು ಯಾರೂ ಬಂದಿರಲಿಲ್ಲ.